ಈ ಲೋಕ ದೇವರ ಸೃಷ್ಟಿಯಲ್ಲ ಎಂದ ಕ್ರೈಸ್ತರು

ಮಾಂಸ, ಮೊಟ್ಟೆ, ಹಾಲು, ಚೀಸ್ ನಿಷಿದ್ಧ, ಮೀನು ತಿನ್ನಬಹುದು. 12 ಮತ್ತು 13ನೇ ಶತಮಾನಗಳಲ್ಲಿ ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಸೀಮೆಯಲ್ಲಿ ಬೇರೂರಿದ್ದ ಕ್ಯಾಥರ್ ಪಂಥದ ದೀಕ್ಷಿತರ ಆಹಾರ ನಿಯಮವಿದು. ಮೀನು ನೀರಿನಲ್ಲಿ ತಾನಾಗಿಯೇ ಹುಟ್ಟುತ್ತದೆ ಎಂದು ಆ ಕಾಲದವರು ನಂಬಿದ್ದರು. ಉಳಿದವು ಗಂಡು ಹೆಣ್ಣಿನ ಕೂಡಿಕೆಯಿಂದ ಬಂದವು, ಆದ್ದರಿಂದ ಅಶುದ್ಧ.

ಈ ನಿಯಮದ ಹಿಂದೆ ದೊಡ್ಡದೊಂದು ಪ್ರಶ್ನೆಯಿತ್ತು: ದೇವರು ಒಳ್ಳೆಯವನಾದರೆ ರೋಗ, ಸಾವು, ಕ್ರೌರ್ಯಗಳನ್ನು ಮಾಡಿದವರು ಯಾರು? ಒಳ್ಳೆಯ ದೇವರು ಸೃಷ್ಟಿಸಿದ್ದು ಆತ್ಮಲೋಕವನ್ನು ಮಾತ್ರ, ಕಣ್ಣಿಗೆ ಕಾಣುವ ಜಗತ್ತು ಕೇಡಿನ ಶಕ್ತಿಯ ಕೆಲಸ ಎಂಬುದು ಅವರ ಉತ್ತರ. ಆ ಶಕ್ತಿ ದೇವರಷ್ಟೇ ಅನಾದಿಯೋ, ದೇವರಿಂದ ದೂರವಾಗಿ ಬಿದ್ದ ದೂತನೋ ಎಂಬ ಬಗ್ಗೆ ಅವರಲ್ಲೇ ಭೇದವಿತ್ತು. ಸ್ವರ್ಗದಿಂದ ಜಾರಿದ ಆತ್ಮಗಳು ಮೈಯೊಳಗೆ ಸೆರೆಯಾಗಿ, ಬಿಡುಗಡೆ ಸಿಗುವವರೆಗೆ ದೇಹದಿಂದ ದೇಹಕ್ಕೆ, ಪ್ರಾಣಿಗಳ ದೇಹಕ್ಕೂ, ಅಲೆಯುತ್ತವೆ. ಹಾಗಾಗಿ ಕೊಲ್ಲುವುದು ಪಾಪ. ಕ್ರಿಸ್ತನಿಗೆ ನಿಜವಾದ ರಕ್ತಮಾಂಸದ ದೇಹವಿರಲಿಲ್ಲ. ಶಿಲುಬೆ ಹಿಂಸೆಯ ಸಾಧನ, ಪೂಜೆಗೆ ಯೋಗ್ಯವಲ್ಲ. ಇಷ್ಟಾದರೂ ಅವರು ತಮ್ಮನ್ನು ಒಳ್ಳೆಯ ಕ್ರೈಸ್ತರೆಂದೇ ಕರೆದುಕೊಂಡರು.

ಬಿಡುಗಡೆಗೆ ಇದ್ದ ದಾರಿ ಒಂದೇ, 'ಕನ್ಸೊಲಮೆಂಟುಮ್' ಎಂಬ ದೀಕ್ಷೆ. ನೀರಿನ ಬ್ಯಾಪ್ಟಿಸಂ ಇಲ್ಲ. ತಲೆಯ ಮೇಲೆ ಸುವಾರ್ತೆಯ ಗ್ರಂಥವಿಟ್ಟು, ದೀಕ್ಷಿತರು ಕೈಯಿರಿಸಿ ಪ್ರಾರ್ಥಿಸುತ್ತಿದ್ದರು. ಹೆಂಗಸರಿಗೂ ದೀಕ್ಷೆಯಿತ್ತು. ಬಳಿಕ ಬ್ರಹ್ಮಚರ್ಯ, ಸುಳ್ಳಾಡದಿರುವುದು, ಆಣೆಯಿಡದಿರುವುದು ಕಡ್ಡಾಯ. ಇದು ಎಲ್ಲರಿಗೂ ಸಾಧ್ಯವಾಗದ ಬದುಕು. ಸಾಮಾನ್ಯ ನಂಬಿಗಸ್ತರು ಸಂಸಾರ ನಡೆಸಿ, ಸಾವು ಹತ್ತಿರವಾದಾಗ ದೀಕ್ಷೆ ಪಡೆಯುತ್ತಿದ್ದರು.

ಹತ್ತನೇ ಶತಮಾನದ ಬಲ್ಗೇರಿಯಾದ ಬೊಗೊಮಿಲ್ ಪಂಥದಲ್ಲೂ ಒಳ್ಳೆಯ ದೇವರು, ಕೇಡಿನ ಶಕ್ತಿ ಎಂಬ ಇಂಥ ದ್ವೈತವಿತ್ತು. 1143ರ ಸುಮಾರಿಗೆ ಜರ್ಮನಿಯ ಕಲೋನ್‌ನಲ್ಲಿ ಇದೇ ಬಗೆಯ ಜನ ಸಿಕ್ಕಿಬಿದ್ದರು. ಸಂಘಟಿತ ದ್ವೈತ ಪಂಥವೆಂಬುದೇ ಬಹುಮಟ್ಟಿಗೆ ಪಾಷಂಡಿಗಳನ್ನು ಹುಡುಕಿ ವಿಚಾರಿಸುತ್ತಿದ್ದ ಚರ್ಚಿನ ವಿಚಾರಣಾಧಿಕಾರಿಗಳ ಕಲ್ಪನೆ ಎಂದು ಈಚಿನ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ಇಟಲಿಯ ಕ್ಯಾಥರರೇ 13ನೇ ಶತಮಾನದಲ್ಲಿ ಬರೆದ 'ಎರಡು ಮೂಲತತ್ತ್ವಗಳ ಗ್ರಂಥ' 1939ರಲ್ಲಿ ಅಚ್ಚಾಯಿತು. ಅಲ್ಲಿ ಮಾತಾಡುವವರು ಶತ್ರುಗಳಲ್ಲ.

ಆಣೆಯ ಮೇಲೆಯೇ ನಿಂತಿದ್ದ ಸಮಾಜದಲ್ಲಿ ಆಣೆಯನ್ನು ನಿರಾಕರಿಸುವುದೆಂದರೆ ದಂಗೆಗೆ ಸಮ. ಪಾದ್ರಿಗಳ ವಿಧಿಗಳನ್ನೂ ಅವರು ನಿಷ್ಫಲವೆಂದರು. ಅವರನ್ನು ಚರ್ಚಿಗೆ ಮರಳಿಸಲು ಕ್ಯಾಥೊಲಿಕ್ ಬೋಧಕ ಸಂತ ಡೊಮಿನಿಕ್ ಬರಿಗಾಲಲ್ಲಿ ತಿರುಗಿ ಬೋಧಿಸಿದರೂ ಹೆಚ್ಚು ಫಲ ಸಿಗಲಿಲ್ಲ. 1208ರಲ್ಲಿ ಪೋಪರ ರಾಯಭಾರಿಯ ಕೊಲೆಯಾದಾಗ ಪೋಪ್ ಮೂರನೇ ಇನೊಸೆಂಟ್ ಅವರ ಮೇಲೆ ಕ್ರುಸೇಡ್, ಅಂದರೆ ಧರ್ಮಯುದ್ಧ, ಸಾರಿದರು. 1209ರ ಜುಲೈ 22ರಂದು ಬೆಜಿಯೆ ಪಟ್ಟಣದಲ್ಲಿ ಕ್ಯಾಥರರು, ಕ್ಯಾಥೊಲಿಕರು ಎಂಬ ಭೇದವಿಲ್ಲದೆ ಜನರನ್ನು ಕಡಿದುಹಾಕಲಾಯಿತು. ಯುದ್ಧ 1229ರಲ್ಲಿ ಮುಗಿದರೂ ಧರ್ಮವಿಚಾರಣೆ ಬೆನ್ನಟ್ಟಿತು. 1244ರ ಮಾರ್ಚ್‌ನಲ್ಲಿ ಮೊನ್‌ಸೆಗುರ್ ಎಂಬ ಅವರ ಆಶ್ರಯದ ಕೋಟೆ ಶರಣಾದಾಗ ಇನ್ನೂರಕ್ಕೂ ಹೆಚ್ಚು ಜನರನ್ನು ಸುಟ್ಟರು. ನಂಬಿಕೆ ಬಿಟ್ಟರೆ ಜೀವದಾನವಿತ್ತು. ಹಾಗಿದ್ದೂ ಸುಮಾರು ಇಪ್ಪತ್ತು ಮಂದಿ ಆ ಕೊನೆಯ ದಿನಗಳಲ್ಲೇ ದೀಕ್ಷೆ ಪಡೆದು ಬೆಂಕಿಗೆ ನಡೆದರು. ಈ ಪಂಥವನ್ನು ಕುತೂಹಲದ ಸರಕಾಗಿ ಕಾಣುವವರು ಆ ಇಪ್ಪತ್ತು ಜನರನ್ನು ನೆನೆಯಬೇಕು.

ದೀಕ್ಷೆ ಕೈಯಿಂದ ಕೈಗೆ ದಾಟಬೇಕಿತ್ತು. ಕೊಡುವವನು ವ್ರತಭ್ರಷ್ಟನಾದರೆ ಅವನು ಕೊಟ್ಟದ್ದೂ ವ್ಯರ್ಥ. ಹಾಗಾಗಿ ಸುಡಲ್ಪಟ್ಟ ಒಬ್ಬೊಬ್ಬ ದೀಕ್ಷಿತನೊಂದಿಗೆ ಪರಂಪರೆಯೂ ಕ್ಷೀಣಿಸುತ್ತ ಹೋಯಿತು. ಲಾಂಗ್‌ಡಾಕ್‌ನ ಕೊನೆಯ ದೀಕ್ಷಿತನೆಂದು ತಿಳಿದಿರುವ ಗಿಯೋಮ್ ಬೆಲಿಬಾಸ್ತ್‌ನನ್ನು 1321ರಲ್ಲಿ ಸುಟ್ಟ ಮೇಲೆ, ಅಲ್ಲಿ ಉಳಿದ ನಂಬಿಗಸ್ತರಿಗೆ ದೀಕ್ಷೆ ಕೊಡುವವರಿರಲಿಲ್ಲ.