ಪದ ಪರಿಚಯ: ಚಿತ್ರಕಥೆ

ಸಿನಿಮಾ ಶುರುವಾಗುವಾಗ ‘ಕಥೆ, ಚಿತ್ರಕಥೆ, ಸಂಭಾಷಣೆ’ ಎಂದು ತೆರೆಯ ಮೇಲೆ ಹೆಸರು ಬರುತ್ತದಲ್ಲ, ಅಲ್ಲಿ ಚಿತ್ರಕಥೆ ಎಂದರೆ ಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಬರೆದದ್ದು. ಚಲನಚಿತ್ರ ಬಳಕೆಯಲ್ಲಿ ಬರೀ ‘ಚಿತ್ರ’ವಾದ್ದರಿಂದ ಬಂದ ಅರ್ಥ ಅದು. ಮಕ್ಕಳ ಕೈಯಲ್ಲಿರುವ ಚಿತ್ರಕಥೆ ಬೇರೆ. ಚೌಕಗಳೊಳಗಿನ ಚಿತ್ರಗಳು ಒಂದರ ಹಿಂದೊಂದು ಬಂದು ಕಥೆ ಹೇಳುತ್ತವೆ. ಕಾಮಿಕ್ಸ್ ಎಂದರೂ ಇದೇ.

ಬರೆದ ಕಥೆಯ ನಡುವೆ ಅಲ್ಲಲ್ಲಿ ಚಿತ್ರ ಹಾಕಿದರೆ ಅದು ಸಚಿತ್ರ ಕಥೆ; ಚಿತ್ರ ತೆಗೆದರೂ ಕಥೆ ಉಳಿಯುತ್ತದೆ. ಚಿತ್ರಕಥೆಯಲ್ಲಿ ಚಿತ್ರ ತೆಗೆದರೆ ಕಥೆಯೇ ಹೋಯಿತು.

ಯಕ್ಷಗಾನ ನೋಡಿ ಬೆಳೆದ ನಮ್ಮ ಉಡುಪಿ ಕಡೆಯವರಿಗೆ ಇದರ ಕಟ್ಟು ಹೊಸತಲ್ಲ. ಚೌಕದ ಮೇಲಂಚಿನ ಪಟ್ಟಿಯಲ್ಲಿ ‘ಇತ್ತ ಹಸ್ತಿನಾವತಿಯಲ್ಲಿ...’ ಎಂದು ಬರುವ ಸಾಲು ಭಾಗವತರು ಹಾಡುವ ಪದವಿದ್ದ ಹಾಗೆ, ಪ್ರಸಂಗವನ್ನು ಮುಂದಕ್ಕೆ ನಡೆಸುತ್ತದೆ. ಪಾತ್ರದ ತಲೆಯ ಹತ್ತಿರದ ಗುಳ್ಳೆಯಲ್ಲಿರುವುದು ವೇಷಧಾರಿ ಹೇಳುವ ಅರ್ಥ, ಅಂದರೆ ಆಡುವ ಮಾತು. ಗುಳ್ಳೆಗೆ ಚೂಪು ಬಾಲವಿದ್ದರೆ ಆಡಿದ ಮಾತು, ಬಾಲದ ಬದಲು ಪುಟ್ಟ ಪುಟ್ಟ ಸೊನ್ನೆಗಳಿದ್ದರೆ ಮನಸ್ಸಿನ ಮಾತು, ಅಂಚು ಮುಳ್ಳುಮುಳ್ಳಾಗಿದ್ದರೆ ಬೊಬ್ಬೆ. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಪದ ಮನೆಮನೆಗೆ ಬಂದದ್ದು ‘ಅಮರ ಚಿತ್ರಕಥೆ’ಯಿಂದ. ಅದರ ಸಂಪಾದಕ ಅನಂತ ಪೈ 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿ ತೀರಿಕೊಂಡರು. ಹನ್ನೆರಡಕ್ಕೆ ಮುಂಬೈ ಸೇರಿದರು. 1967ರಲ್ಲಿ ದಿಲ್ಲಿ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿಯ ಹೆಸರು ಕೇಳಿದಾಗ ಸುಮ್ಮನಾದರು. ಅದು ಪೈಯವರ ಮನಸ್ಸಿಗೆ ನಾಟಿತು, ಅಮರ ಚಿತ್ರಕಥೆಗೆ ಕೈಹಾಕಿದರು. 1980ರಲ್ಲಿ ಮಕ್ಕಳ ಪತ್ರಿಕೆ ‘ಟಿಂಕಲ್’ ಶುರುವಾಯಿತು, ಮಕ್ಕಳಿಗೆ ಅವರು ‘ಅಂಕಲ್ ಪೈ’ ಆದರು. ಆದರೆ ಅಮರ ಚಿತ್ರಕಥೆಯ ಹೆಸರಿನಲ್ಲಿ ಮೊದಲ ಪುಸ್ತಕಗಳು ಬಂದದ್ದು 1965ರಲ್ಲಿ, ಅದೂ ಕನ್ನಡದಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಕನ್ನಡದವರಾದ ನಾವು ಇದನ್ನು ಇನ್ನಷ್ಟು ಹೆಮ್ಮೆಯಿಂದ ಹೇಳಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಆಮೇಲೆ ಮಕ್ಕಳ ಪತ್ರಿಕೆಗಳಲ್ಲಿ ‘ಬಾಲಮಂಗಳ’ದ ಡಿಂಗ ಬಂದ, ಮಣಿಪಾಲದಿಂದ ‘ತುಂತುರು’ ಬಂತು.

ಈಗ ಮೊಬೈಲಿನಲ್ಲಿ ಕಾರ್ಟೂನ್ ತನ್ನ ಪಾಡಿಗೆ ಓಡುತ್ತದೆ. ಚಿತ್ರಕಥೆ ಹಾಗೆ ಓಡುವುದಿಲ್ಲ, ಓದುವ ಮಗುವೇ ಅದನ್ನು ನಡೆಸಬೇಕು.

ನನ್ನ ಅಕ್ಕನ ಮಗಳಿಗೆ ಆರು ವರ್ಷ, ಒತ್ತಕ್ಷರ ಇನ್ನೂ ನಾಲಿಗೆಗೆ ಹತ್ತಿಲ್ಲ. ಕಳೆದ ರಜೆಯಲ್ಲಿ ಜಗಲಿಯಲ್ಲಿ ಕೂತು ನನ್ನ ಹಳೆಯ ಪುಸ್ತಕ ಬಿಡಿಸಿದ್ದಳು. ಒಂದು ಚೌಕದಲ್ಲಿ ಭೀಮ ಗದೆ ಎತ್ತಿದ್ದಾನೆ, ಮುಂದಿನದರಲ್ಲಿ ರಾಕ್ಷಸ ನೆಲದ ಮೇಲಿದ್ದಾನೆ.

“ಮಾಮ, ಎಂಥ ಪೆಟ್ಟು ಬಿತ್ತು ನೋಡಿ!”

“ಪೆಟ್ಟು ಎಲ್ಲುಂಟು, ತೋರಿಸು.”

ಅವಳು ಎರಡು ಚೌಕಗಳ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟಳು.