ಹಣತೆ ಹಚ್ಚಿದ್ದು ಆ ರಾತ್ರಿ ಅಲ್ಲ

2025ರ ಮೇ 20ರಂದು ಲಂಡನ್ನಿನಲ್ಲಿ ಕನ್ನಡದ ಕಥೆಗಾರ್ತಿ ಬಾನು ಮುಷ್ತಾಕ್ ಅವರ ಹೆಸರು ಕೇಳಿಬಂದಾಗ ಇಲ್ಲಿ ನಡುರಾತ್ರಿ ಕಳೆದಿತ್ತು. ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಮೊದಲ ಸಲ ಕನ್ನಡಕ್ಕೆ ಬಂತು. ಅದೂ ‘ಹಾರ್ಟ್ ಲ್ಯಾಂಪ್’ (ಎದೆಯ ಹಣತೆ) ಎಂಬ ಸಣ್ಣಕಥೆಗಳ ಸಂಕಲನಕ್ಕೆ! ಈ ಪ್ರಶಸ್ತಿ ಅಲ್ಲಿಯವರೆಗೆ ಯಾವ ಕಥಾಸಂಕಲನಕ್ಕೂ ಸಿಕ್ಕಿರಲಿಲ್ಲ. ನಮ್ಮಲ್ಲಿ ತುಂಬಾ ಜನ ಅವರ ಹೆಸರನ್ನು ಆಗಲೇ ಮೊದಲು ಕೇಳಿದ್ದು. ಆದರೆ ಕಥೆಗಳು ಆಗ ಹುಟ್ಟಿದ್ದಲ್ಲ ಅಲ್ವಾ?

ಬಾನು ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ದಖನಿ ಉರ್ದು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರುವಾಗ ಒಂದು ಷರತ್ತು ಇತ್ತು: ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಷರತ್ತಿನಿಂದ ಕನ್ನಡಕ್ಕೆ ಎಷ್ಟು ಲಾಭವಾಯಿತು ಅಂತ ನೆನೆದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಮುಂದೆ ಜಾತಿ, ವರ್ಗಗಳ ದಬ್ಬಾಳಿಕೆಯನ್ನು ಪ್ರಶ್ನಿಸಿದ ಬಂಡಾಯ ಸಾಹಿತ್ಯ ಚಳವಳಿ ಬಂತು. ಬಾನು ಅದರ ಜೊತೆಗೇ ಬೆಳೆದರು. ಲಂಕೇಶ್ ಪತ್ರಿಕೆಗೆ ವರದಿ ಬರೆದರು, ಆಮೇಲೆ ವಕೀಲಿಕೆ ಹಿಡಿದರು. ಕಷ್ಟ ಹೇಳಿಕೊಂಡು ತಮ್ಮ ಬಳಿ ಬರುತ್ತಿದ್ದ ಹೆಂಗಸರ ಬದುಕೇ ಅವರ ಕಥೆಗಳಿಗೆ ಬೇರು. ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ 1990ರಲ್ಲಿ ಬಂತು. ಬರೆದದ್ದಕ್ಕೆ, ಮಾತಾಡಿದ್ದಕ್ಕೆ ಅವರು ಬೆಲೆಯನ್ನೂ ತೆತ್ತರು. ಮಸೀದಿಯಲ್ಲಿ ಪ್ರಾರ್ಥಿಸುವ ಹಕ್ಕು ಹೆಂಗಸರಿಗೂ ಇದೆ ಎಂದಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಬೇಕಾಯಿತು. ಪೆನ್ನು ಕೆಳಗಿಡಲಿಲ್ಲ. ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದರು. ತಾರಾ ಅವರಿಗೆ ಅದರ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು.

ಹಾಗಾದರೆ ಲೋಕಕ್ಕೆ ಗೊತ್ತಾಗಲು ಇಷ್ಟು ತಡ ಯಾಕೆ? ನನ್ನ ಪ್ರಕಾರ ಕಾರಣ ಒಂದೇ: ಅನುವಾದ. ಎಷ್ಟು ಒಳ್ಳೆಯ ಕಥೆಯಾದರೂ ಇನ್ನೊಂದು ಭಾಷೆಗೆ ಹೋಗದಿದ್ದರೆ ಹೊರಗಿನ ತೀರ್ಪುಗಾರರ ಕೈಗೆ ಸಿಗುವುದಿಲ್ಲ. 2013ರಲ್ಲಿ ಯು.ಆರ್. ಅನಂತಮೂರ್ತಿ ಇದೇ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದರು. ಆಗ ಅದನ್ನು ಲೇಖಕರ ಒಟ್ಟು ಬರವಣಿಗೆಗೆ ಕೊಡುತ್ತಿದ್ದರು. 2016ರಿಂದ ನಿಯಮ ಬದಲಾಯಿತು. ಈಗ ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಪ್ರಶಸ್ತಿ, ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು.

ಕೊಡಗಿನ ದೀಪಾ ಭಾಸ್ತಿ ಬಂದದ್ದು ಇಲ್ಲಿ. ಬಾನು ಅವರ ಕಥೆಗಳ ಅವರ ಅನುವಾದಕ್ಕೆ 2024ರಲ್ಲಿ ಲೇಖಕರ ಸಂಘಟನೆಯಾದ ಇಂಗ್ಲಿಷ್ ಪೆನ್ ಸಂಸ್ಥೆಯ ಪುರಸ್ಕಾರ ಸಿಕ್ಕಿತು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12 ಆರಿಸಿ ಮಾಡಿದ ‘ಹಾರ್ಟ್ ಲ್ಯಾಂಪ್’ ಅನ್ನು ಬ್ರಿಟನ್ನಿನ ಸಣ್ಣ ಪ್ರಕಾಶನವೊಂದು ಹೊರತಂದಿತು. ದೀಪಾ ಕನ್ನಡ, ಉರ್ದು, ಅರೇಬಿಕ್ ಮಾತುಗಳನ್ನು ಹಾಗೇ ಉಳಿಸಿಕೊಂಡರು. ಅಡಿಟಿಪ್ಪಣಿ ಕೊಡಲಿಲ್ಲ, ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲೂ ಇಲ್ಲ. ನಮ್ಮ ಮಾತಿಗೆ ಇಂಗ್ಲಿಷಿನ ಮನೆಯಲ್ಲಿ ನೆಂಟರ ಚಾಪೆ ಹಾಸದೆ, ಮನೆಯವರ ಜೊತೆಗೇ ಕೂರಿಸಿದರು. ನನಗೆ ಪ್ರಶಸ್ತಿಗಿಂತ ಜಾಸ್ತಿ ಹೆಮ್ಮೆ ಇದರಲ್ಲೇ.

ಬಹುಮಾನದ 50,000 ಪೌಂಡ್‌ನಲ್ಲಿ ಬಾನು ಅವರಿಗೆ 25,000, ದೀಪಾ ಅವರಿಗೆ 25,000. ನಮ್ಮ ಕನ್ನಡ ಪುಸ್ತಕಗಳಲ್ಲಿ ಅನುವಾದಕರಿಗೆ ಎಷ್ಟು ಪಾಲು ಸಿಗುತ್ತದೆ, ಅವರ ಹೆಸರು ಯಾವ ಮೂಲೆಯಲ್ಲಿರುತ್ತದೆ ಎಂದು ಪ್ರಕಾಶಕರನ್ನು ಕೇಳುವ ಹೊತ್ತು ಈಗ ಬಂದಿದೆ.