ಬಂಗುಡೆ ಕೊಳ್ಳಲು ಸಾಕಾಗುವ ತುಳು, ಪೌರತ್ವಕ್ಕೆ ಸಾಲದು

ಬಂದರಿನ ಮೀನು ಮಾರುಕಟ್ಟೆಯಲ್ಲಿ ‘ಬಂಗುಡೆಗ್ ಏತ್?’ ಎಂದು ಕೇಳಿ, ದರಕ್ಕೆ ಮುಖ ಸಿಂಡರಿಸಿ, ಕೊನೆಗೆ ಎರಡು ಮೀನು ಹೆಚ್ಚಿಗೆ ಹಾಕಿಸಿಕೊಳ್ಳಬಲ್ಲ ವಿದೇಶಿಯೊಬ್ಬರು ಇದ್ದಾರೆ ಎಂದುಕೊಳ್ಳಿ. ಮಂಗಳೂರಿನಲ್ಲಿ ಬಾಳಲು ಅಷ್ಟು ತುಳು ಧಾರಾಳವಾಯಿತು. ಭಾರತದ ಪೌರರಾಗಲು ಮಾತ್ರ ಅದು ಲೆಕ್ಕಕ್ಕೆ ಬಾರದು.

ಇಲ್ಲಿ ಹುಟ್ಟಿ ಪೌರರಾದವರನ್ನು ಯಾರೂ ಭಾಷೆ ಕೇಳುವುದಿಲ್ಲ. ಭಾರತೀಯರನ್ನು ಮದುವೆಯಾಗಿ ನೋಂದಣಿಯ ದಾರಿ ಹಿಡಿಯುವವರಿಗೂ ಕಾಯ್ದೆ ಈ ಷರತ್ತು ಹಾಕಿಲ್ಲ. ದೇಶೀಕರಣಕ್ಕೆ, ಅಂದರೆ ಬಹುಕಾಲ ಇಲ್ಲಿ ನೆಲೆಸಿದ ಆಧಾರದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕುವವರಿಗೆ ಮಾತ್ರ 1955ರ ಪೌರತ್ವ ಕಾಯ್ದೆ ಒಂದು ಮಾತು ಹೇಳುತ್ತದೆ: ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದಾದರೂ ಒಂದು ಭಾಷೆ ಸಾಕಷ್ಟು ತಿಳಿದಿರಬೇಕು. ಹಿಂದಿಯೇ ಆಗಬೇಕೆಂದಿಲ್ಲ, ಕನ್ನಡ ಸಾಕು. ಬಹುಭಾಷಾ ದೇಶವೊಂದಕ್ಕೆ ಇದು ಉದಾರ ನಿಯಮವೇ, ಅನುಮಾನವಿಲ್ಲ.

ತೊಡಕು ಇರುವುದು ಆ ಪರಿಚ್ಛೇದದ ಭಾಷಾಪಟ್ಟಿಯಲ್ಲಿ; ತುಳು ಅದರಲ್ಲಿಲ್ಲ. ಅದು ಪೌರತ್ವಕ್ಕೆಂದು ತಯಾರಾದದ್ದೇ ಅಲ್ಲ. ರಾಜಭಾಷಾ ಆಯೋಗದಲ್ಲಿ ಯಾವ ಭಾಷೆಗಳವರು ಕೂರಬೇಕು (344ನೇ ವಿಧಿ), ಹಿಂದಿ ಯಾವ ಭಾಷೆಗಳಿಂದ ಪದಸಂಪತ್ತು ಪಡೆಯಬೇಕು (351ನೇ ವಿಧಿ) ಎಂಬುದಕ್ಕಾಗಿ ಸಂವಿಧಾನ ರಚಿಸಿದವರು 14 ಭಾಷೆಗಳನ್ನು ಬರೆದಿಟ್ಟರು. ಐದು ವರ್ಷಗಳ ಬಳಿಕ ಪೌರತ್ವ ಕಾಯ್ದೆ ಬರೆದವರು ಸಿದ್ಧವಾಗಿದ್ದ ಪಟ್ಟಿಯನ್ನೇ ಎತ್ತಿಕೊಂಡರು.

ಪರಿಣಾಮ ನೋಡಬೇಕಾದರೆ ಮಂಗಳೂರಿನ ರಥಬೀದಿ ಸಾಕು. ಅಲ್ಲಿನ ಅಂಗಡಿಗಳ ಕೊಂಕಣಿಯೊಂದನ್ನೇ ಕಲಿತವರು 1991ರಲ್ಲಿ ಅರ್ಜಿ ಹಾಕಿದ್ದರೆ ಭಾಷೆ ಬಾರದವರೇ. 1992ರ ಆಗಸ್ಟಿನಲ್ಲಿ 71ನೇ ತಿದ್ದುಪಡಿ ಬಂದು ಕೊಂಕಣಿ ಪಟ್ಟಿ ಸೇರಿತು. ಒಂದು ಪದವನ್ನೂ ಹೆಚ್ಚಿಗೆ ಕಲಿಯದೆ ಅವರು ಅರ್ಹರಾದರು! 2003ರ ತಿದ್ದುಪಡಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿಗಳನ್ನು ಸೇರಿಸಿದ ಮೇಲೆ ಸಂಖ್ಯೆ 22ಕ್ಕೆ ಏರಿ ನಿಂತಿದೆ.

ತುಳು ಹೊರಗೆ ಉಳಿದದ್ದು ಜನರಿಲ್ಲದೆ ಅಲ್ಲ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆಯವರು 18.46 ಲಕ್ಷ, ಪಟ್ಟಿಯಲ್ಲಿರುವ ಮಣಿಪುರಿಗೆ 17.61 ಲಕ್ಷ, ಬೋಡೊಗೆ 14.83 ಲಕ್ಷ, ಸಂಸ್ಕೃತಕ್ಕೆ ಸುಮಾರು 25 ಸಾವಿರ. ಗ್ರಂಥಬಲವೂ ಕಡಿಮೆಯಿಲ್ಲ: 1886ರಲ್ಲೇ ಬಾಸೆಲ್ ಮಿಷನ್ನಿನ ಮ್ಯಾನರ್ ತುಳು ನಿಘಂಟು ತಂದರು, ಉಡುಪಿಯಿಂದ ಆರು ಸಂಪುಟಗಳ ತುಳು ನಿಘಂಟು ಹೊರಬಂತು. ಇಷ್ಟು ಜನ ಇರಬೇಕು, ಇಂಥ ಸಾಹಿತ್ಯ ಇರಬೇಕು ಎಂಬ ಅಳತೆಗೋಲನ್ನು ಸಂವಿಧಾನ ಹೇಳಿಲ್ಲವಾದ್ದರಿಂದ ಈ ಅಂಕಿಅಂಶ ಹಿಡಿದು ವಾದಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಪ್ರತಿ ಸಲವೂ ದೆಹಲಿಯ ಮನಸ್ಸು, ಸಂಸತ್ತಿನ ಮತ ಎರಡೂ ಬೇಕು.

ನಮ್ಮ ಬಂಗುಡೆ ಗಿರಾಕಿ ಸದ್ಯಕ್ಕೆ ಕನ್ನಡದ ಕಾಗುಣಿತ ಶುರು ಮಾಡುವುದು ಒಳ್ಳೆಯದು.